ಪರಿಹಾರ ಬೋಧನೆ

ನಾಲ್ಕೂವರೆಗೆ ಉದ್ದನೆಯ ಗಂಟೆ. ಶಾಲೆ ಖಾಲಿ.
ಒಂಬತ್ತನೇ ತರಗತಿಯ ಒಂಬತ್ತು ಮಂದಿ ಮಾತ್ರ ಉಳಿಯಬೇಕು.
ಹೆಸರು ಬರೆದು ಸೂಚನಾ ಫಲಕಕ್ಕೆ ಹಚ್ಚಿದ್ದೇವೆ.
ಹಚ್ಚಬಾರದಿತ್ತು.

ಹೊರಗೆ ಕೋಡಿಬಾಗದ ಕಡೆಗೆ ಹೊರಟ ಸೈಕಲ್ಲುಗಳ ನಗು.
ಒಳಗೆ ದೀಕ್ಷಾ ಹರಿಕಂತ್ರ ಪೆನ್ಸಿಲ್ಲಿನ ತುದಿ ಕಚ್ಚುತ್ತಾಳೆ.
ಆಲ್ವಿನ್ ಫರ್ನಾಂಡಿಸ್ ಬಾಳೆಹಣ್ಣಿನ ಬುಟ್ಟಿ ನೋಡುತ್ತಾನೆ,
ತಲೆಗೊಂದು ಹಣ್ಣು, ಅನುದಾನ ಅಷ್ಟೇ.
ಸಾಯೇಶ ಬಾನಾವಳಿ ಕಿಟಕಿಗೆ ಬೆನ್ನು ಕೊಟ್ಟು ಕೂತಿದ್ದಾನೆ,
ದಾರಿಯಲ್ಲಿ ಹೋಗುವವರಿಗೆ ಮುಖ ಕಾಣದಂತೆ.

ಬೇಕಾದದ್ದು ಎಂಬತ್ತಕ್ಕೆ ಇಪ್ಪತ್ತೆಂಟು.
ಉಳಿದದ್ದು ಇಪ್ಪತ್ತೆರಡು ದಿನ, ಅದರಲ್ಲಿ ನಾಲ್ಕು ರಜೆ.
ಈ ಲೆಕ್ಕ ನನಗೂ ಬಿಡಿಸಲು ಬಂದಿಲ್ಲ.

ಮೊದಲ ದಿನ ಜಾಣತನ ಮಾಡಿದೆ.
ತರಬೇತಿಯಲ್ಲಿ ಹೇಳಿದ್ದರು:
ಮಗುವಿನ ಬದುಕಿನಿಂದಲೇ ಗಣಿತ ಹೆಕ್ಕಿ ಕೊಡಿ.
ಬೋರ್ಡಿನ ಮೇಲೆ ಅಲೆ ಬರೆದೆ, ದೋಣಿ ಬರೆದೆ,
ನೀರಿನ ಮೇಲಿನದು ಧನ, ಕೆಳಗಿನದು ಋಣ.
ಬುಟ್ಟಿಗೆ ನಲವತ್ತು ಬಂಗುಡೆ, ಏಳು ಬುಟ್ಟಿ,
ಡೀಸೆಲ್ಲಿನ ಸಾಲ ಕಳೆದು ಎಷ್ಟು, ಹೇಳು ಸಾಯೇಶ.

ಅವನು ಎದ್ದು ನಿಂತ.
"ಅಕ್ಕೋರೇ, ಮೀನಿನ ಲೆಕ್ಕ ಬೇಡ.
ಮೂರನೇ ಇಯತ್ತೆಯಿಂದ ಎಲ್ಲರೂ ನಂಗೆ ಮೀನೇ ಕೊಡ್ತಾರೆ.
ಮುಂದಿನ ಬೆಂಚಿಗೆ ಎಕ್ಸು, ವೈ; ನಮ್ಗೆ ಬಂಗುಡೆ.
ನಮ್ಮನೇಲಿ ದೋಣಿಯೂ ಇಲ್ಲ,
ಅಪ್ಪ ಗೋವೆಯಲ್ಲಿ ಕರೆಂಟಿನ ಕೆಲಸ.
ನಂಗೂ ಎಕ್ಸ್ ಬೇಕು."

ಡಸ್ಟರ್ ಹುಡುಕಲಿಲ್ಲ, ಅಂಗೈಯಿಂದಲೇ ಒರೆಸಿದೆ.
ಸಮುದ್ರ ಬೆರಳಿಗಂಟಿತು.
ಎಕ್ಸ್ ಬರೆದೆ, ಒಂದೇ ಒಂದು, ಬೋರ್ಡಿನ ನಡುವೆ.
ಒಂಬತ್ತು ಮಂದಿ ಅದನ್ನು ನೋಡಿದರು
ವರ್ಗವಾಗಿ ಬಂದ ಹೊಸ ಮಾಸ್ತರರನ್ನು ನೋಡುವ ಹಾಗೆ:
ಹೊಡೆಯುತ್ತದೋ, ಹೇಗೋ.

ಪಾಲಕರ ಸಭೆಗೆ ಬಂದದ್ದು ಅವನ ಅಜ್ಜ, ಪುರ್ಸೊ ಬಾನಾವಳಿ.
ನೌಕಾನೆಲೆಗೆ ಊರು ಬಿಟ್ಟುಕೊಟ್ಟವರ ಕಾಲನಿಯಿಂದ
ಎರಡು ಬಸ್ಸು ಬದಲಿಸಿ, ಇಸ್ತ್ರಿ ಅಂಗಿ,
ಬಗಲಲ್ಲಿ ಪ್ಲಾಸ್ಟಿಕ್ ಸುತ್ತಿದ ಕಡತ.
"ಪರಿಹಾರ ಅಂತ ಚೀಟಿ ಬಂತು. ಇದು ಯಾವ ಕಂತಿಂದು?"

ವಿವರಿಸಿದೆ. ಪರಿಹಾರ ಬೋಧನೆ, ಅಜ್ಜ,
ಹಿಂದೆ ಬಿದ್ದ ಮಕ್ಕಳಿಗೆ,
ಎನ್ನುವಲ್ಲಿ ನಾಲಿಗೆ ತಡವರಿಸಿತು.
ಬಿಚ್ಚಿದ್ದ ಕಡತಕ್ಕೆ ಅವರು ಮತ್ತೆ ದಾರ ಸುತ್ತಿದರು.
"ಎಷ್ಟು ವರ್ಷಕ್ಕೆ ಸಿಗ್ತದೆ?"
ಮೂರು ವಾರ, ಎಂದೆ.
ಕೆಮ್ಮು ಬರುವವರೆಗೂ ನಕ್ಕರು.
"ಮೂರು ವಾರ! ಹಾಗಾದ್ರೆ ಇದು ಸರ್ಕಾರದ್ದಲ್ಲ ಬಿಡಿ."

ಆಮೇಲಿನ ದಿನಗಳ ಬಗ್ಗೆ ಹೇಳುವಂಥದ್ದಿಲ್ಲ.
ಕಳೆದದ್ದನ್ನು ಕಳೆದರೆ ಕೂಡುತ್ತದೆ ಎಂಬುದು
ಯಾರ ತಲೆಗೂ ಹೋಗದ ಒಂದು ವಾರ.
ಹೋದ ಒಂದು ಗುರುವಾರ.
ಮತ್ತೆ ಮರೆತುಹೋದ ಸೋಮವಾರ.

ಪರೀಕ್ಷೆ. ರಾತ್ರಿ ಊಟದ ಮೇಜಿನ ಮೇಲೆ ಉತ್ತರಪತ್ರಿಕೆ.
ದೀಕ್ಷಾ ಮೂವತ್ತೊಂದು.
ಸಾಯೇಶ ಇಪ್ಪತ್ತೆಂಟು. ಮೂರು ಸಲ ಕೂಡಿಸಿದೆ, ಇಪ್ಪತ್ತೆಂಟೇ.
ಹನ್ನೊಂದನೇ ಪ್ರಶ್ನೆಗೆ ಎಕ್ಸ್ ಸಮ ಋಣ ಮೂರು,
ಕೆಳಗೆ ಸ್ಕೇಲಿಟ್ಟು ಎಳೆದ ಎರಡು ಗೆರೆ,
ಹೊಸ ಮನೆಗೆ ಹೊಸಿಲು ಇಟ್ಟಂತೆ.
ಆಲ್ವಿನ್ ಹತ್ತೊಂಬತ್ತು.
ಒಂದು ದಿನವೂ ತಪ್ಪಿಸದ ಆಲ್ವಿನ್,
ಎಲ್ಲರ ಸಿಪ್ಪೆ ತಾನೇ ಹೆಕ್ಕಿ ಹೋಗುತ್ತಿದ್ದವನು.

ವರದಿಯಲ್ಲಿ ಬರೆದೆ: ಒಂಬತ್ತಕ್ಕೆ ಏಳು.
ಮೇಲಿನವರು ಶೇಕಡಾ ಕೇಳಿದರು, ಅದನ್ನೂ ಬರೆದೆ.
ಸಿಪ್ಪೆ ಹೆಕ್ಕಿದ್ದನ್ನು ಬರೆಯಲು ಕಾಲಮ್ಮಿಲ್ಲ.

ಸಹಿಗೆ ಪುರ್ಸೊ ಅಜ್ಜ ಮತ್ತೆ ಬಂದರು.
ಒಂದೊಂದಕ್ಷರಕ್ಕೂ ಕನ್ನಡಕ ಸರಿಮಾಡಿ ಬರೆದು,
ಬಾಲ್‌ಪೆನ್ನಿನ ಶಾಯಿಯನ್ನೂ ಊದಿ ಒಣಗಿಸಿ,
"ಒಂದು ಝೆರಾಕ್ಸ್ ಕೊಡಿ ಅಕ್ಕೋರೇ.
ಪರಿಹಾರದ ಕಾಗದ.
ನಾಳೆ ಯಾರಾದ್ರೂ ಕೊಟ್ಟೇ ಇಲ್ಲ ಅಂದ್ರೆ?"

ಯಂತ್ರದ ಬೆಳಕು ಹಾಳೆಯ ಕೆಳಗೆ ಸರಿದುಹೋಗುವಾಗ
ಬಾಗಿಲಲ್ಲಿ ಆಲ್ವಿನ್.
"ಮರುಪರೀಕ್ಷೆಗೆ ಹತ್ತು ದಿನ ಉಂಟಲ್ಲ,
ನಾಳೆ ಕ್ಲಾಸ್ ಇರ್ತದಾ?"

ಇರ್ತದೆ, ಎಂದೆ.
ಹಣ್ಣಿನ ಅನುದಾನ ನಿನ್ನೆಗೇ ಮುಗಿದಿತ್ತು.